ವಾಲ್ವೂ ಚಿಪ್ಪೂ ಕೂಡಿಸಿ 40 ಮೀಟರ್ ಟ್ರಾನ್ಸ್‌ಮಿಟರ್: ಇಎಲ್84 ಮತ್ತು ಎಸ್‌ಐ5351 ಜೋಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳೇ ಮನೆಗಳ ಅಟ್ಟದ ಮೇಲೆ, ಗುಜರಿ ಅಂಗಡಿಗಳ ಮೂಲೆಯಲ್ಲಿ ಇನ್ನೂ ವಾಲ್ವ್ ರೇಡಿಯೋಗಳು ಸಿಗುತ್ತವೆ. ಅವುಗಳ ಹೊಟ್ಟೆಯಲ್ಲಿರುವ ಎರಡು ವಸ್ತು ನಮಗೆ ಬೇಕು: ಸ್ಪೀಕರಿಗೆ ಶಕ್ತಿ ಕೊಡುತ್ತಿದ್ದ ಇಎಲ್84 ವಾಲ್ವ್ ಮತ್ತು ಸ್ಟೇಷನ್ ಹಿಡಿಯುತ್ತಿದ್ದ ಗ್ಯಾಂಗ್ ಕಂಡೆನ್ಸರ್. ಇವುಗಳ ಜೊತೆಗೆ ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್ ಆರ್ಡುಯಿನೋ ನ್ಯಾನೋ, ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಚಿಪ್ಪಿರುವ ಒಂದು ಎಸ್‌ಐ5351 ಬೋರ್ಡ್ ಸೇರಿದರೆ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 5 ವ್ಯಾಟ್ ಕೊಡುವ ಮೋರ್ಸ್ ಟ್ರಾನ್ಸ್‌ಮಿಟರ್ ಆಗುತ್ತದೆ.

ಹಳೆಯದನ್ನೂ ಹೊಸದನ್ನೂ ಬೆರೆಸುವುದು ಬರೀ ಅಂದಕ್ಕಲ್ಲ. ವಾಲ್ವಿನಿಂದ ಆಸಿಲೇಟರ್ ಮಾಡಿದರೆ ಅದು ಕಾದಂತೆಲ್ಲ ಫ್ರೀಕ್ವೆನ್ಸಿ ಜಾರುತ್ತದೆ. ನಮ್ಮ ಹಳ್ಳಿ ಲೈನಿನಲ್ಲಂತೂ ಪಂಪ್‌ಸೆಟ್‌ಗಳು ಓಡುವಾಗ 180 ವೋಲ್ಟಿಗೆ ಇಳಿದು, ಅವು ನಿಂತ ಮೇಲೆ 250 ದಾಟುವ ಕರೆಂಟಿಗೆ ಅದು ಒಂದು ಕಡೆ ನಿಲ್ಲುವುದೇ ಇಲ್ಲ. ಎಸ್‌ಐ5351 ಚಿಪ್ಪಿಗೆ ಅದರ ಗೊಡವೆ ಇಲ್ಲ, ಕ್ರಿಸ್ಟಲ್ ಆಧಾರದ ಮೇಲೆ ಅಲುಗದೆ ನಿಲ್ಲುತ್ತದೆ. ಇನ್ನೊಂದು ತುದಿಯಲ್ಲಿ, ಆಂಟೆನಾಕ್ಕೆ ಶಕ್ತಿ ಕೊಡುವ ಕೊನೆಯ ಹಂತವನ್ನು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನಿಂದ ಮಾಡಿದರೆ ಗಾಳಿಗೆ ಆಂಟೆನಾ ತಂತಿ ತುಂಡಾದ ಕ್ಷಣದಲ್ಲೇ ಅದು ಸುಟ್ಟುಹೋಗಬಹುದು. ವಾಲ್ವ್ ಹಾಗಲ್ಲ. ಆನೋಡ್ ಕೆಂಪಗಾಗಿ ಎಚ್ಚರಿಕೆ ಕೊಡುತ್ತದೆ, ಮೋರ್ಸ್ ಕೀ ಬಿಟ್ಟರೆ ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ಫ್ರೀಕ್ವೆನ್ಸಿ ಚಿಪ್ಪಿನ ಕೆಲಸ, ಆಂಟೆನಾ ಎದುರಿಸುವುದು ವಾಲ್ವಿನ ಕೆಲಸ.

ಮೊದಲಿಗೆ ಎರಡು ಮಾತು. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ಲೈಸೆನ್ಸ್ ಬರುವವರೆಗೆ ಈ ಯಂತ್ರವನ್ನು ಡಮ್ಮಿ ಲೋಡಿನ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರಿನ) ಆಚೆಗೆ ಬಿಡಬೇಡಿ. ಎರಡನೆಯದು, ಇದರಲ್ಲಿ 280 ವೋಲ್ಟ್ ಡಿಸಿ ಇದೆ. ಅದು ಜೀವ ತೆಗೆಯುವ ವೋಲ್ಟೇಜ್. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಂದು ನಿಮಿಷ ಕಾದು, ಮೀಟರ್ ಇಟ್ಟು ಸೊನ್ನೆ ಕಂಡ ಮೇಲಷ್ಟೇ ಒಳಗೆ ಕೈ ಹಾಕಿ. ಕರೆಂಟ್ ಇರುವಾಗ ಅಳೆಯಲೇಬೇಕಾದರೆ ಮೀಟರಿನ ಕಪ್ಪು ತುದಿಯನ್ನು ಕ್ಲಿಪ್ಪಿನಿಂದ ಚಾಸಿಗೆ ಸಿಕ್ಕಿಸಿ, ಕೆಂಪು ತುದಿಯನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

ಹಳೇ ರೇಡಿಯೋದಿಂದ ಏನು ತೆಗೆಯಬೇಕು

ವಾಲ್ವಿನ ಗಾಜಿನ ಮೇಲಿನ ಹೆಸರನ್ನು ಮೊದಲು ಓದಿ. ಮೊದಲ ಅಕ್ಷರ ‘ಇ’ ಆಗಿದ್ದರೆ ಹೀಟರ್ 6.3 ವೋಲ್ಟಿನದು, ನಮಗೆ ಬೇಕಾದ್ದು ಅದೇ. ‘ಯು’ ಆಗಿದ್ದರೆ, ಅಂದರೆ ಯುಎಲ್84, ಯುಸಿಎಚ್81, ಯುವೈ85 ಇಂಥವು ಕಂಡರೆ, ಆ ರೇಡಿಯೋ ಎಸಿ-ಡಿಸಿ ಸೆಟ್ಟು. ಅದರಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಚಾಸಿ ನೇರವಾಗಿ ಮೇನ್ಸ್ ಲೈನಿಗೆ ಸೇರಿರುತ್ತದೆ. ಯುಎಲ್84ರ ಹೀಟರಿಗೆ 45 ವೋಲ್ಟ್ ಬೇಕು. ಇಲ್ಲಿ ಅದು ಉಪಯೋಗಕ್ಕೆ ಬಾರದು. ಅಂಥ ಸೆಟ್ಟಿನಿಂದ ಗ್ಯಾಂಗ್ ಒಂದನ್ನು ಬಿಚ್ಚಿಕೊಂಡು ಉಳಿದದ್ದನ್ನು ಬಿಡಿ.

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಆ ಮುದ್ರೆಯ ಇಎಲ್84 ಸಿಕ್ಕರೆ ಬಿಡಬೇಡಿ. 6ಬಿಕ್ಯೂ5 ಎಂದು ಬರೆದಿದ್ದರೂ ಅದೇ ವಾಲ್ವ್. ಗಾಜಿನ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಕಲೆ ಇರುತ್ತದೆ, ಅದು ಗೆಟರ್. ಅದು ಕಂದು ಅಥವಾ ಕಪ್ಪು ಛಾಯೆಯಲ್ಲಿದ್ದರೂ ಚಿಂತೆಯಿಲ್ಲ, ಆದರೆ ಸುಣ್ಣದ ಪುಡಿಯಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಆ ವಾಲ್ವ್ ಸತ್ತಿದೆ. ಗೆಟರ್ ಸರಿಯಿದ್ದರೆ 4 ಮತ್ತು 5ನೇ ಪಿನ್ನಿನ ನಡುವೆ ಮೀಟರ್ ಇಡಿ: ತಣ್ಣಗಿದ್ದಾಗ ಒಂದೆರಡು ಓಮ್ ತೋರಿಸಬೇಕು. ಉಳಿದ ಯಾವ ಪಿನ್ನಿಗೂ ಹೀಟರಿನಿಂದ ದಾರಿ ತೋರಿಸಬಾರದು.

ಗ್ಯಾಂಗ್ ಕಂಡೆನ್ಸರ್ ಎರಡು ಬೇಕು. ತಿರುಗಿಸುವಾಗ ಕಿರ್ರೆಂದರೆ ಅಥವಾ ಮೀಟರಿನಲ್ಲಿ ಷಾರ್ಟ್ ಕಂಡರೆ ಯಾವುದೋ ಎಲೆ ಬಾಗಿದೆ. ಬ್ಲೇಡಿನಿಂದ ಮೆಲ್ಲಗೆ ನೇರ ಮಾಡಿ. ಧೂಳನ್ನು ಮೆದು ಬ್ರಷ್ಷಿನಿಂದ ತೆಗೆದು, ಬೇರಿಂಗಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ವಾಲ್ವ್ ಸಾಕೆಟ್ ಮಾತ್ರ ಹಳೆಯದು ಬೇಡ. ಕಂದು ಬಣ್ಣದ ಸಾಕೆಟ್‌ಗಳು ವರ್ಷಾಂತರದ ಬಿಸಿಗೆ ಇದ್ದಿಲಾಗಿ ಪಿನ್ನುಗಳ ನಡುವೆ ಸೋರುತ್ತವೆ. 9 ಪಿನ್ನಿನ ಪಿಂಗಾಣಿ ಸಾಕೆಟ್ ಹೊಸದನ್ನೇ ತನ್ನಿ. ಹಳೇ ಪೇಪರ್ ಕೆಪಾಸಿಟರ್, ಎಲೆಕ್ಟ್ರೊಲಿಟಿಕ್‌ಗಳೂ ಬೇಡ, ನೋಡಲು ಎಷ್ಟೇ ಚೆನ್ನಾಗಿರಲಿ.

ಚಿಪ್ಪು, ಮಾಸ್‌ಫೆಟ್, ಸುರುಳಿ ಸುತ್ತುವ ಉಂಗುರಗಳಾದ ಟೊರಾಯ್ಡ್‌ಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದೆ, ಬೆಳಗಿನ ರೈಲಿಗೋ ಬಸ್ಸಿಗೋ ಹೋದರೆ ಸಂಜೆಯೊಳಗೆ ವಾಪಸ್. ಆದರೆ ಸುರುಳಿ ಸುತ್ತುವ ಎನಾಮಲ್ ತಂತಿಗೆ ಅಲ್ಲಿಯವರೆಗೆ ಹೋಗಬೇಕಿಲ್ಲ. ನಮ್ಮ ಮೂರೂ ಜಿಲ್ಲೆಗಳಲ್ಲಿ ಊರೂರಿಗೂ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ. 20 ಗೇಜ್ ಮತ್ತು 30 ಗೇಜ್ ತಂತಿ ಅಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿ ಮಾತ್ರ ತೆಗೆದುಕೊಳ್ಳಬೇಡಿ, ಅದರ ಎನಾಮಲ್ ಉದುರುತ್ತದೆ.

ಪವರ್ ಸಪ್ಲೈ

ಇಎಲ್84ರ ಆನೋಡಿಗೆ 300 ವೋಲ್ಟ್ ಮಿತಿ. ಹಳೇ ರೇಡಿಯೋದ 250-0-250 ಟ್ರಾನ್ಸ್‌ಫಾರ್ಮರಿಗೆ ಇಝಡ್81 ರೆಕ್ಟಿಫೈಯರ್ ವಾಲ್ವ್ ತೆಗೆದು ಸಿಲಿಕಾನ್ ಡಯೋಡ್ ಹಾಕಿದರೆ ಲೋಡ್ ಇಲ್ಲದಾಗ 350 ದಾಟುತ್ತದೆ. ಅಲ್ಲದೆ ಎಷ್ಟೋ ವರ್ಷ ತೇವದಲ್ಲಿ ಕೂತ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ನಂಬುವಂತಿಲ್ಲ. ಇದಕ್ಕಿಂತ ಎರಡು ಹೊಸ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸುವುದು ಉತ್ತಮ.

ಮೊದಲನೆಯದು 6-0-6 ವೋಲ್ಟ್, 3 ಆಂಪಿಯರಿನದು. ಅದರ ನಡುವಿನ ತಂತಿ ಚಾಸಿಗೆ. ಎರಡು ತುದಿಗಳ ನಡುವೆ 12 ವೋಲ್ಟ್ ಸಿಗುತ್ತದಲ್ಲ, ಅದನ್ನು ಎರಡನೇ ಟ್ರಾನ್ಸ್‌ಫಾರ್ಮರಿನ (0-12 ವೋಲ್ಟ್, 2 ಆಂಪಿಯರ್) ಸೆಕೆಂಡರಿಗೆ ಕೊಡಿ. ಆಗ ಅದರ 230 ವೋಲ್ಟ್ ಬದಿಯಲ್ಲಿ ಸುಮಾರು 200 ವೋಲ್ಟ್ ಎಸಿ ಬರುತ್ತದೆ. ನಷ್ಟಗಳಿಂದಾಗಿ ಪೂರ್ತಿ 230 ಬರುವುದಿಲ್ಲ, ಇಲ್ಲಿ ಅದೇ ನಮಗೆ ಅನುಕೂಲ. ನಾಲ್ಕು 1ಎನ್4007 ಡಯೋಡಿನ ಬ್ರಿಡ್ಜ್, 47 ಮೈಕ್ರೋಫ್ಯಾರಡ್ 450 ವೋಲ್ಟ್ ಕೆಪಾಸಿಟರ್, 220 ಓಮ್ 5 ವ್ಯಾಟ್ ರೆಸಿಸ್ಟರ್, ಮತ್ತೊಂದು 47 ಮೈಕ್ರೋಫ್ಯಾರಡ್, ಇಷ್ಟಾದರೆ ಲೋಡ್ ಇಲ್ಲದಾಗ 280ರ ಆಸುಪಾಸು, ಕೀ ಒತ್ತಿದಾಗ 255ರ ಆಸುಪಾಸು ಡಿಸಿ. ಕೊನೆಯ ಕೆಪಾಸಿಟರಿಗೆ ಅಡ್ಡಲಾಗಿ 100 ಕಿಲೋಓಮ್ 2 ವ್ಯಾಟ್ ಬ್ಲೀಡರ್ ಕಡ್ಡಾಯ. ಮೇಲೆ ಹೇಳಿದ ಒಂದು ನಿಮಿಷದ ಲೆಕ್ಕ ಈ ರೆಸಿಸ್ಟರಿನದು. ಅದರ ಬೆಸುಗೆ ಬಿಟ್ಟಿದ್ದರೆ ಕೆಪಾಸಿಟರ್ ಗಂಟೆಗಟ್ಟಲೆ ತುಂಬಿಕೊಂಡೇ ಇರುತ್ತದೆ, ಆದ್ದರಿಂದಲೇ ಕಾದ ಮೇಲೂ ಮೀಟರ್ ಇಡಬೇಕು. ಮೇನ್ಸ್ ಕಡೆ 0.5 ಆಂಪಿಯರ್ ಫ್ಯೂಸ್, ಎಚ್‌ಟಿ (ಈ 280 ವೋಲ್ಟ್ ಡಿಸಿ) ಕಡೆ 100 ಮಿಲಿಆಂಪಿಯರ್ ಗಾಜಿನ ಫ್ಯೂಸ್. ಚಾಸಿಗೆ ಮೂರು ಪಿನ್ನಿನ ಪ್ಲಗ್ಗಿನ ಹಸಿರು ತಂತಿ.

ಹೀಟರಿಗೆ 6-0-6ರ ಒಂದು ಅರ್ಧ. ಇನ್ನೊಂದು ಅರ್ಧದಿಂದ, ಕೀ ಒತ್ತದಾಗ ವಾಲ್ವನ್ನು ಮುಚ್ಚಿಡುವ ಗ್ರಿಡ್ಡಿನ ನೆಗೆಟಿವ್ ಬಯಾಸ್ ತೆಗೆಯೋಣ: ಎರಡು 1ಎನ್4007, ಎರಡು 470 ಮೈಕ್ರೋಫ್ಯಾರಡ್ 35 ವೋಲ್ಟ್ ಕೆಪಾಸಿಟರಿನ ಡಬ್ಲರ್ ಕಟ್ಟಿದರೆ ಸುಮಾರು ಮೈನಸ್ 16 ವೋಲ್ಟ್. ಇದರ ಔಟ್‌ಪುಟ್ಟಿಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕುವುದನ್ನು ಮರೆಯಬೇಡಿ. ಟ್ರಾನ್ಸ್‌ಮಿಟ್ ಮಾಡುವಾಗ ಗ್ರಿಡ್ ಕರೆಂಟ್ ಇದೇ ಸಪ್ಲೈಗೆ ಹಿಮ್ಮುಖವಾಗಿ ಬರುತ್ತದೆ. ಹರಿದು ಹೋಗಲು ದಾರಿ ಇಲ್ಲದಿದ್ದರೆ ಬಯಾಸ್ ಏರುತ್ತಾ ಏರುತ್ತಾ ಹೋಗಿ, ಮೊದಲ ಅಕ್ಷರ ಜೋರಾಗಿ ಹೋದರೂ ಆಮೇಲಿನವು ಸಣ್ಣಗಾಗುತ್ತವೆ. ಹೀಗಾದಾಗ ಎಷ್ಟೋ ಜನ ವಾಲ್ವನ್ನೇ ದೂರುತ್ತಾರೆ.

ಹೀಟರ್ ವೋಲ್ಟೇಜನ್ನು ವಾಲ್ವ್ ಹಾಕಿದ ಮೇಲೆ ಎರಡು ಹೊತ್ತು ಅಳೆಯಿರಿ: ತ್ರೀ ಫೇಸ್ ಕರೆಂಟ್ ಬಂದು ಪಂಪ್‌ಗಳು ಓಡುವಾಗ ಒಮ್ಮೆ, ರಾತ್ರಿ ಅವೆಲ್ಲ ನಿಂತ ಮೇಲೆ ಒಮ್ಮೆ. 6.0ರಿಂದ 6.6ರ ಒಳಗಿರಬೇಕು. ರಾತ್ರಿ ಹೆಚ್ಚಾದರೆ ಹೀಟರ್ ದಾರಿಯಲ್ಲಿ 0.47 ಓಮ್ 2 ವ್ಯಾಟ್ ರೆಸಿಸ್ಟರ್ ಸೇರಿಸಿ, 0.36 ವೋಲ್ಟ್ ಇಳಿಯುತ್ತದೆ. ಸಂಜೆ ಹೀಟರ್ 5 ವೋಲ್ಟಿಗೆ ಇಳಿಯುವ ಊರಾದರೆ ಮನೆಯ ಟಿವಿ ಸ್ಟೆಬಿಲೈಸರ್ ಮೂಲಕ ಕೊಡಿ. ತಣ್ಣನೆಯ ಹೀಟರಿನಿಂದ ಹೆಚ್ಚು ಕರೆಂಟ್ ಎಳೆದರೆ ಕ್ಯಾಥೋಡ್ ಬೇಗ ಸವೆಯುತ್ತದೆ.

ಚಿಪ್ಪು ಮತ್ತು ಡ್ರೈವರ್ ಭಾಗವನ್ನು ಮೇನ್ಸಿನಿಂದ ಪೂರ್ತಿ ದೂರವಿಡಿ. 12 ವೋಲ್ಟ್ 7 ಎಎಚ್ ಯುಪಿಎಸ್ ಬ್ಯಾಟರಿ ಸಾಕು. ಇಡೀ ಭಾಗ ಎಳೆಯುವುದು 120 ಮಿಲಿಆಂಪಿಯರಿನಷ್ಟು, ವಾರದ ಸಂಜೆಗಳಿಗೆ ಆಯಿತು. ಮೊಬೈಲ್ ಚಾರ್ಜರಿನಂಥ ಎಸ್‌ಎಂಪಿಎಸ್ ಹಾಕಿದರೆ ರಿಸೀವರಿನಲ್ಲಿ ಗೊರಗೊರ ಸದ್ದು ಖಚಿತ.

ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ

ಎಸ್‌ಐ5351 ಚಿಪ್ 3.3 ವೋಲ್ಟಿನದು. ಮಾರುಕಟ್ಟೆಯ ಬೋರ್ಡುಗಳಲ್ಲಿ ರೆಗ್ಯುಲೇಟರ್ ಮತ್ತು ಲೆವೆಲ್ ಬದಲಾವಣೆ ಎರಡೂ ಇದ್ದರೆ ನ್ಯಾನೋದ 5 ವೋಲ್ಟಿಗೆ ನೇರ ಜೋಡಿಸಬಹುದು. ಎಸ್‌ಡಿಎ ತಂತಿ ಎ4ಕ್ಕೆ, ಎಸ್‌ಸಿಎಲ್ ತಂತಿ ಎ5ಕ್ಕೆ. ಡಿಸ್‌ಪ್ಲೇಯೂ ಅದೇ ಎರಡು ತಂತಿಯಲ್ಲಿ. ರೋಟರಿ ಎನ್‌ಕೋಡರ್ ಡಿ2, ಡಿ3ಕ್ಕೆ. ಬ್ಯಾಟರಿಯಿಂದ 7805 ಮೂಲಕ 5 ವೋಲ್ಟ್ ಕೊಡಿ. ಆರ್ಡುಯಿನೋ ಲೈಬ್ರರಿಗಳಲ್ಲಿ ಈ ಚಿಪ್ಪಿನದು ಸಿದ್ಧವಾಗಿಯೇ ಸಿಗುತ್ತದೆ. ಈಥರ್‌ಕಿಟ್ ಲೈಬ್ರರಿ ಬಳಸುವುದಾದರೆ ಒಂದು ಎಚ್ಚರ: ಅದು ಫ್ರೀಕ್ವೆನ್ಸಿಯನ್ನು ಹರ್ಟ್ಸ್‌ನ ನೂರನೇ ಒಂದು ಭಾಗದಲ್ಲಿ ಕೇಳುತ್ತದೆ. 7.030 ಮೆಗಾಹರ್ಟ್ಸ್ ಬೇಕಾದರೆ 703000000 ಎಂದು ಬರೆಯಬೇಕು. ಎರಡು ಸೊನ್ನೆ ಬಿಟ್ಟರೆ 70.3 ಕಿಲೋಹರ್ಟ್ಸ್ ಹುಟ್ಟುತ್ತದೆ, ಡ್ರೈವರಿನಲ್ಲಿ ಏನೂ ಬರುವುದಿಲ್ಲ. ಎನ್‌ಕೋಡರ್ 7.000ದಿಂದ 7.040ರ ಆಚೆ ಹೋಗದಂತೆ ಪ್ರೋಗ್ರಾಮಿನಲ್ಲೇ ಬೇಲಿ ಹಾಕಿ.

ಬೋರ್ಡಿನ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಒಂದೊಂದರಲ್ಲಿ ಒಂದೊಂದು ತೆರನಾಗಿ ತಪ್ಪಿರುತ್ತದೆ. ಸರಿಪಡಿಸಲು ದುಬಾರಿ ಕೌಂಟರ್ ಬೇಕಿಲ್ಲ. ಆಕಾಶವಾಣಿಯ ಬೆಂಗಳೂರು ಮೀಡಿಯಂ ವೇವ್ ಕೇಂದ್ರ 612 ಕಿಲೋಹರ್ಟ್ಸ್‌ನದು, ಅದರ ಕ್ಯಾರಿಯರ್ ಕರಾರುವಾಕ್ಕು. ಚಿಪ್ಪನ್ನು 612 ಕಿಲೋಹರ್ಟ್ಸ್‌ಗೆ ಇಟ್ಟು, ಔಟ್‌ಪುಟ್ಟಿಗೆ ಒಂದು ಮೊಳ ತಂತಿ ಸಿಕ್ಕಿಸಿ, ಆ ಕೇಂದ್ರ ಹಿಡಿದ ಪಾಕೆಟ್ ರೇಡಿಯೋವನ್ನು ಪಕ್ಕದಲ್ಲಿಡಿ. ವ್ಯತ್ಯಾಸ ಹೆಚ್ಚಿದ್ದರೆ ಗುಂಯ್ ಎನ್ನುವ ನಾದ ಕೇಳಿಸುತ್ತದೆ. ಕರೆಕ್ಷನ್ ಅಂಕಿಯನ್ನು ಬದಲಿಸುತ್ತಾ ಹೋದಂತೆ ನಾದ ತಗ್ಗಿ ತಗ್ಗಿ, ಕೊನೆಗೆ ಹಾಡು ಉಸಿರಾಡುವಂತೆ ನಿಧಾನಕ್ಕೆ ಏರಿ ಇಳಿಯತೊಡಗುತ್ತದೆ. ಸೆಕೆಂಡಿಗೊಂದು ಉಸಿರು ಎಂದರೆ 612 ಕಿಲೋಹರ್ಟ್ಸ್‌ನಲ್ಲಿ 1 ಹರ್ಟ್ಸ್ ತಪ್ಪು, 7 ಮೆಗಾಹರ್ಟ್ಸ್‌ನಲ್ಲಿ 11 ಹರ್ಟ್ಸ್. ಮೋರ್ಸಿಗೆ ಇದು ಬೇಕಾದಷ್ಟಾಯಿತು. ಬೋರ್ಡಿಗೆ ಕರೆಂಟ್ ಕೊಟ್ಟು ಹತ್ತು ನಿಮಿಷವಾದ ಮೇಲೆ ಇದನ್ನು ಮಾಡಿ.

ಈ ಭಾಗವನ್ನೆಲ್ಲ ಪ್ರತ್ಯೇಕ ತಗಡಿನ ಡಬ್ಬಿಯಲ್ಲಿಡಿ. ಬಿಸ್ಕತ್ ಡಬ್ಬಿ ಸೊಗಸಾಗಿ ಹೊಂದುತ್ತದೆ, ಬಣ್ಣ ಕೆರೆದರೆ ಬೆಸುಗೆಯೂ ಹಿಡಿಯುತ್ತದೆ. ಒಳಹೋಗುವ ಪ್ರತಿ ತಂತಿಗೆ ಡಬ್ಬಿಯ ಗೋಡೆಯ ಬಳಿಯೇ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಹೀಗೆ ಮಾಡದಿದ್ದರೆ ಕೀ ಒತ್ತಿದೊಡನೆ ಆರ್‌ಎಫ್ (ರೇಡಿಯೋ ಅಲೆ) ಒಳನುಗ್ಗಿ ಡಿಸ್‌ಪ್ಲೇ ಕಲಸಿಹೋಗುತ್ತದೆ, ಇಲ್ಲವೇ ನ್ಯಾನೋ ಹಟ ಹಿಡಿದು ನಿಲ್ಲುತ್ತದೆ.

ಡ್ರೈವರ್ ಮತ್ತು ಕೀಯಿಂಗ್

ಚಿಪ್ಪು ಕೊಡುವುದು 3 ವೋಲ್ಟಿನ ಚೌಕ ಅಲೆ. ವಾಲ್ವಿನ ಗ್ರಿಡ್ಡಿಗೆ ಬೇಕಾದ್ದು ತುದಿಯಿಂದ ತುದಿಗೆ 60 ವೋಲ್ಟಿನ ಅಲೆ. ನಡುವೆ ಎರಡು ಮೆಟ್ಟಿಲು. ಮೊದಲು 74ಎಸಿಟಿ04 ಐಸಿಯ ಒಂದು ಇನ್ವರ್ಟರ್, ಅದು 3 ವೋಲ್ಟನ್ನು ಪೂರ್ತಿ 5 ವೋಲ್ಟ್ ಮಾಡುತ್ತದೆ. ಉಳಿದ ಐದು ಇನ್‌ಪುಟ್‌ಗಳನ್ನು ಅರ್ತ್ ಮಾಡಿ. ಆಮೇಲೆ ಬಿಎಸ್170 ಮಾಸ್‌ಫೆಟ್. ಇವೆರಡರ ನಡುವೆ 10 ನ್ಯಾನೋಫ್ಯಾರಡ್ ಕೆಪಾಸಿಟರ್, ಗೇಟಿನಿಂದ ಅರ್ತಿಗೆ 10 ಕಿಲೋಓಮ್, ಅದಕ್ಕೆ ಸಮಾಂತರವಾಗಿ 1ಎನ್4148 ಡಯೋಡ್, ಪಟ್ಟಿ ಇರುವ ತುದಿ ಗೇಟಿಗೆ. ಕೆಪಾಸಿಟರ್ ಬಿಟ್ಟು ನೇರ ಜೋಡಿಸಿದರೂ ಕೆಲಸ ಮಾಡುತ್ತದೆ, ಆದರೆ ಕ್ಲಾಕ್ (ಚಿಪ್ಪಿನ ಚೌಕ ಅಲೆ) ನಿಂತಾಗ ಐಸಿ ಔಟ್‌ಪುಟ್ ಮೇಲೆಯೇ ನಿಂತುಬಿಟ್ಟರೆ ಮಾಸ್‌ಫೆಟ್ ಪೂರ್ತಿ ತೆರೆದುಕೊಂಡು ಬ್ಯಾಟರಿಗೆ ಷಾರ್ಟ್ ಆಗುತ್ತದೆ. ಡಯೋಡ್ ಬಿಟ್ಟರೆ ಗೇಟಿಗೆ 2.5 ವೋಲ್ಟ್ ಮಾತ್ರ ಸಿಕ್ಕಿ ಅದು ಅರೆಬರೆ ತೆರೆಯುತ್ತದೆ.

ಡ್ರೈನಿನಲ್ಲಿ ಕೆಂಪು ಟಿ50-2 ಟೊರಾಯ್ಡ್. 30 ಗೇಜ್ ತಂತಿಯಿಂದ ಗ್ರಿಡ್ ಬದಿಗೆ 40 ಸುತ್ತು, ಅದರ ಮೇಲೆ ತಣ್ಣನೆಯ (ಗ್ರಿಡ್ಡಿಗೆ ಸೇರದ, ಆರ್‌ಎಫ್ ಇಲ್ಲದ) ತುದಿಯ ಕಡೆ ಡ್ರೈನ್ ಬದಿಗೆ 13 ಸುತ್ತು. ಟೊರಾಯ್ಡಿನ ಕಣ್ಣಿನೊಳಗೆ ತಂತಿ ಎಷ್ಟು ಸಲ ಹಾಯ್ದಿತೋ ಅಷ್ಟೇ ಸುತ್ತು. ಹೊರಗಿನಿಂದ ಎಣಿಸಿದರೆ ಒಂದು ತಪ್ಪುವುದು ಸಾಮಾನ್ಯ. 40 ಸುತ್ತು ಎಂದರೆ 7.8 ಮೈಕ್ರೋಹೆನ್ರಿ, ಅನುರಣನಕ್ಕೆ ಒಟ್ಟು 65 ಪಿಕೋಫ್ಯಾರಡ್ ಬೇಕು. ವಾಲ್ವೂ ತಂತಿಗಳೂ ಸೇರಿ ಇಪ್ಪತ್ತೈದರಷ್ಟನ್ನು ತಾವೇ ತರುತ್ತವೆ, ಮಿಕ್ಕದ್ದಕ್ಕೆ 5–60 ಪಿಕೋಫ್ಯಾರಡ್ ಟ್ರಿಮ್ಮರ್. ಸುರುಳಿಗೆ ಅಡ್ಡಲಾಗಿ 4.7 ಕಿಲೋಓಮ್ 1 ವ್ಯಾಟ್ ಕಾರ್ಬನ್ ರೆಸಿಸ್ಟರ್. ಅದು ಸ್ವಲ್ಪ ಶಕ್ತಿ ತಿಂದರೂ ವಾಲ್ವ್ ತಾನೇ ಆಸಿಲೇಟ್ ಆಗದಂತೆ ಹಿಡಿದಿಡುತ್ತದೆ, ಇಡೀ ಬ್ಯಾಂಡಿಗೆ ಮತ್ತೆ ಟ್ರಿಮ್ಮರ್ ಮುಟ್ಟುವ ಅಗತ್ಯವೂ ಬರುವುದಿಲ್ಲ.

ಕೀಯಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಮಾಡಿದ ಟ್ರಾನ್ಸ್‌ಮಿಟರ್‌ಗಳಿಗೆ ಕೆಟ್ಟ ಹೆಸರು ಬರುವುದು ಇಲ್ಲೇ. ಕ್ಲಾಕನ್ನು ಥಟ್ಟನೆ ಹಚ್ಚಿ ಥಟ್ಟನೆ ಆರಿಸಿದರೆ ಪ್ರತಿ ಚುಕ್ಕೆಯ ಅಂಚಿನಲ್ಲೂ ‘ಟಿಕ್’ ಎಂಬ ಸದ್ದು ಅಕ್ಕಪಕ್ಕದ ಫ್ರೀಕ್ವೆನ್ಸಿಗಳಿಗೆ ಸಿಡಿಯುತ್ತದೆ. ಬೇರೆಯವರ ಮಾತಿಗೆ ಅದು ತೊಂದರೆ. ಆದ್ದರಿಂದ ಬಿಎಸ್170ರ 12 ವೋಲ್ಟನ್ನು ಒಂದು 2ಎನ್2907 ಟ್ರಾನ್ಸಿಸ್ಟರ್ ಮೂಲಕ ಇಳಿಜಾರಾಗಿ ಕೊಡಿ: ಎಮಿಟರ್ ಬ್ಯಾಟರಿಗೆ, ಕಲೆಕ್ಟರ್ 13 ಸುತ್ತಿನ ಸುರುಳಿಯ ತುದಿಗೆ, ಬೇಸಿನಿಂದ ಎಮಿಟರಿಗೆ 1 ಕಿಲೋಓಮ್, ಬೇಸಿನಿಂದ ಕಲೆಕ್ಟರಿಗೆ 0.47 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್, ಬೇಸಿನಿಂದ 4.7 ಕಿಲೋಓಮ್ ಮೂಲಕ ಬಿಸಿ547ರ ಕಲೆಕ್ಟರಿಗೆ. ಬಿಸಿ547ರ ಬೇಸಿಗೆ ನ್ಯಾನೋದ ಪಿನ್ನಿನಿಂದ 10 ಕಿಲೋಓಮ್, ಎಮಿಟರ್ ಅರ್ತಿಗೆ. ಏರಲು 4, ಇಳಿಯಲು 7 ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಕಲೆಕ್ಟರ್ ಕಡೆ ಆರ್‌ಎಫ್‌ಗಾಗಿ 10 ನ್ಯಾನೋಫ್ಯಾರಡ್ ಮಾತ್ರ ಇರಲಿ, ದೊಡ್ಡ ಎಲೆಕ್ಟ್ರೊಲಿಟಿಕ್ ಇಟ್ಟರೆ ಚುಕ್ಕೆಗೆ ಬಾಲ ಬೆಳೆಯುತ್ತದೆ. ವಾಲ್ವ್ ತೆರೆಯುವುದು ಡ್ರೈವ್ ಬಯಾಸನ್ನು ದಾಟಿದ ಮೇಲೆ ತಾನೇ? ಹಾಗಾಗಿ ಗಾಳಿಗೆ ಹೋಗುವ ಅಂಚು ಈ ಲೆಕ್ಕಕ್ಕಿಂತ ಕಡಿದಾಗಿರುತ್ತದೆ; ಕೆಪಾಸಿಟರನ್ನು ಇನ್ನೂ ಚಿಕ್ಕದು ಮಾಡಬೇಡಿ.

ಪ್ರೋಗ್ರಾಮಿನಲ್ಲಿ ಅನುಕ್ರಮ ಹೀಗಿರಲಿ: ಕೀ ಒತ್ತಿದೊಡನೆ ಆಂಟೆನಾವನ್ನು ರಿಸೀವರಿನಿಂದ ಟ್ರಾನ್ಸ್‌ಮಿಟರಿಗೆ ಬದಲಿಸುವ ರಿಲೇ, 15 ಮಿಲಿಸೆಕೆಂಡ್ ಬಿಟ್ಟು ಕ್ಲಾಕ್, ಇನ್ನು 5 ಬಿಟ್ಟು ಕೀಯಿಂಗ್ ಪಿನ್. ಕೀ ಬಿಟ್ಟಾಗ ಮೊದಲು ಕೀಯಿಂಗ್ ಪಿನ್ ಇಳಿಯಬೇಕು. ಅರ್ಧ ಸೆಕೆಂಡ್ ಕೀ ಮುಟ್ಟದಿದ್ದರೆ ಮಾತ್ರ ಕ್ಲಾಕ್ ಆರಿ, ನಂತರ ರಿಲೇ ಬಿಡಲಿ. ರಿಸೀವ್ ಮಾಡುವಾಗ ಕ್ಲಾಕ್ ಹೊತ್ತಿಯೇ ಇದ್ದರೆ ನಿಮ್ಮದೇ ಸೀಟಿ ನಿಮ್ಮ ರಿಸೀವರನ್ನು ತುಂಬಿಬಿಡುತ್ತದೆ.

ವಾಲ್ವಿನ ಕಟ್ಟಣೆ

ಚಾಸಿಗೆ 1.5 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ. ಗ್ರಿಡ್ ಸುರುಳಿ ಚಾಸಿಯ ಕೆಳಗೆ, ಆನೋಡ್ ಸುರುಳಿ ಮೇಲೆ, ಈ ಒಂದು ಶಿಸ್ತು ಅರ್ಧ ತೊಂದರೆ ತಪ್ಪಿಸುತ್ತದೆ. ಸಾಕೆಟ್ಟನ್ನು ಕೆಳಗಿನಿಂದ ನೋಡುತ್ತಾ, ದೊಡ್ಡ ಸಂದಿನಿಂದ ಗಡಿಯಾರದ ದಿಕ್ಕಿಗೆ ಎಣಿಸಿ: 2 ಗ್ರಿಡ್, 3 ಕ್ಯಾಥೋಡ್, 4–5 ಹೀಟರ್, 7 ಆನೋಡ್, 9 ಸ್ಕ್ರೀನ್. 1, 6, 8 ಖಾಲಿ ಎಂದುಕೊಂಡು ಅವಕ್ಕೆ ಬೇರೆ ತಂತಿ ಬೆಸೆಯಬೇಡಿ, ಒಳಗೆ ಏನಕ್ಕಾದರೂ ಸೇರಿರುತ್ತವೆ.

2ನೇ ಪಿನ್ನಿಗೆ ತಾಗಿದಂತೆಯೇ 47 ಓಮ್, ಅಲ್ಲಿಂದ 40 ಸುತ್ತಿನ ಸುರುಳಿಯ ಬಿಸಿ ತುದಿ. ತಣ್ಣನೆಯ ತುದಿಗೆ 10 ನ್ಯಾನೋಫ್ಯಾರಡ್ ಅರ್ತಿಗೆ, 10 ಕಿಲೋಓಮ್ ಬಯಾಸಿಗೆ. ಕ್ಯಾಥೋಡಿನಿಂದ ಅರ್ತಿಗೆ 10 ಓಮ್ 1 ವ್ಯಾಟ್ ಮತ್ತು 10 ನ್ಯಾನೋಫ್ಯಾರಡ್. ಈ 10 ಓಮ್ ನಮ್ಮ ಮೀಟರ್: ಅದರ ಮೇಲೆ 400 ಮಿಲಿವೋಲ್ಟ್ ಎಂದರೆ 40 ಮಿಲಿಆಂಪಿಯರ್. ಸ್ಕ್ರೀನಿಗೆ ಎಚ್‌ಟಿಯಿಂದ 8.2 ಕಿಲೋಓಮ್ 2 ವ್ಯಾಟ್, ಅಲ್ಲಿಂದ ಅರ್ತಿಗೆ ಸರಣಿಯಲ್ಲಿ ಎರಡು 100 ವೋಲ್ಟ್ 5 ವ್ಯಾಟ್ ಝೀನರ್. ಬರೀ ರೆಸಿಸ್ಟರ್ ಇಟ್ಟರೆ ಕೀ ಬಿಟ್ಟಾಗ ಸ್ಕ್ರೀನ್ 280ಕ್ಕೆ ಏರಿ, ಮೈನಸ್ 16 ವೋಲ್ಟ್ ವಾಲ್ವನ್ನು ಪೂರ್ತಿ ಮುಚ್ಚಲು ಸಾಲದು. 9ನೇ ಪಿನ್ನಿಗೆ 10 ನ್ಯಾನೋಫ್ಯಾರಡ್ 1 ಕಿಲೋವೋಲ್ಟ್ ಡಿಸ್ಕ್, ಕಾಲುಗಳು ಸಾಧ್ಯವಾದಷ್ಟು ಗಿಡ್ಡ.

7ನೇ ಪಿನ್ನಿಗೆ ಮೊದಲು 47 ಓಮ್ 1 ವ್ಯಾಟ್ ಕಾರ್ಬನ್ ರೆಸಿಸ್ಟರ್, ಅದರ ಮೈಮೇಲೆಯೇ 20 ಗೇಜಿನ 5 ಸುತ್ತು. ಎಚ್‌ಟಿ ಬರುವುದು ತಲಾ 100 ಮೈಕ್ರೋಹೆನ್ರಿಯ, 100 ಮಿಲಿಆಂಪಿಯರ್ ತಡೆಯುವ ಮೂರು ಚೋಕ್‌ಗಳ ಸಾಲಿನ ಮೂಲಕ. ಚೋಕ್‌ಗಳ ಆನೋಡ್ ಕಡೆಯ ತುದಿಯಿಂದ 2.2 ನ್ಯಾನೋಫ್ಯಾರಡ್ 2 ಕಿಲೋವೋಲ್ಟ್ ಡಿಸ್ಕ್ ದಾಟಿ, ವಾಲ್ವನ್ನು ಆಂಟೆನಾಕ್ಕೆ ಹೊಂದಿಸುವ ಪೈ ನೆಟ್‌ವರ್ಕಿಗೆ. ಆನೋಡ್ ಬದಿಗೆ ಒಂದು ಗ್ಯಾಂಗಿನ ಒಂದೇ ಭಾಗ, ಆಂಟೆನಾ ಬದಿಗೆ ಇನ್ನೊಂದು ಗ್ಯಾಂಗಿನ ಎರಡೂ ಭಾಗ ಸಮಾಂತರವಾಗಿ. ಲೆಕ್ಕದ ಪ್ರಕಾರ ಮೊದಲನೆಯದು 68, ಎರಡನೆಯದು 400 ಪಿಕೋಫ್ಯಾರಡ್ ಸುತ್ತಮುತ್ತ ನಿಲ್ಲಬೇಕು.

ನಡುವಿನ ಸುರುಳಿ 8 ಮೈಕ್ರೋಹೆನ್ರಿ. ವೈರಿಂಗಿನ 25 ಮಿಲಿಮೀಟರ್ ಪಿವಿಸಿ ಪೈಪಿನ ಮೇಲೆ 20 ಗೇಜ್ ತಂತಿಯ 19 ಸುತ್ತು, ಒತ್ತೊತ್ತಾಗಿ; ಎರಡು ಮೀಟರ್ ತಂತಿ ಸಾಕು. ಪೈಪಿಗೆ ಎರಡು ರಂಧ್ರ ಕೊರೆದು ತಂತಿಯ ಒಂದು ತುದಿಯನ್ನು ಪೋಣಿಸಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಬಿಗಿಯಾಗಿ ಎಳೆದು ಹಿಡಿದು, ಪೈಪನ್ನು ತಿರುಗಿಸುತ್ತಾ ಕಿಟಕಿಯತ್ತ ಒಂದೊಂದೇ ಹೆಜ್ಜೆ ಹೋದರೆ ಸುತ್ತುಗಳು ಒಂದರ ಪಕ್ಕ ಒಂದು ತಾವಾಗಿ ಕೂರುತ್ತವೆ. ಸುರುಳಿಯನ್ನು ವಾಲ್ವಿನಿಂದ ಐದು ಸೆಂಟಿಮೀಟರ್ ದೂರವಿಡಿ, ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆ.

ಔಟ್‌ಪುಟ್ ತುದಿಯಿಂದ ಅರ್ತಿಗೆ ಒಂದು 1 ಮಿಲಿಹೆನ್ರಿ ಚೋಕ್ ಹಾಕಿ. ಸಿಗ್ನಲ್ಲಿಗೆ ಅದರಿಂದ ಏನೂ ಉಪಯೋಗವಿಲ್ಲ. ಆದರೆ ಆ 2.2 ನ್ಯಾನೋಫ್ಯಾರಡ್ ಡಿಸ್ಕ್ ಒಂದು ದಿನ ಷಾರ್ಟ್ ಆದರೆ 280 ವೋಲ್ಟ್ ಅಂಗಳದ ಆಂಟೆನಾ ತಂತಿಗೆ ಹೋಗುತ್ತದೆ. ಈ ಚೋಕ್ ಇದ್ದರೆ ಫ್ಯೂಸ್ ಹಾರುತ್ತದೆ. ಇದಿಲ್ಲದೆ ಯಂತ್ರಕ್ಕೆ ಆಂಟೆನಾ ಜೋಡಿಸಲೇಬೇಡಿ.

ಕೊನೆಗೆ ಲೋ-ಪಾಸ್ ಫಿಲ್ಟರ್, 14 ಮತ್ತು 21 ಮೆಗಾಹರ್ಟ್ಸ್‌ನ ಹಾರ್ಮೋನಿಕ್‌ಗಳನ್ನು ತಡೆಯಲು: 270, 680, 680, 270 ಪಿಕೋಫ್ಯಾರಡ್ ಎನ್‌ಪಿಒ ಕೆಪಾಸಿಟರ್‌ಗಳು ಅರ್ತಿಗೆ, ಅವುಗಳ ನಡುವೆ ಟಿ50-2 ಮೇಲೆ 17, 19, 17 ಸುತ್ತು.

ಚಾಲೂ ಮಾಡುವ ಕ್ರಮ

ಡಮ್ಮಿ ಲೋಡ್ ಮೊದಲು: 1 ಕಿಲೋಓಮ್ 1 ವ್ಯಾಟಿನ 20 ರೆಸಿಸ್ಟರ್ ಸಮಾಂತರವಾಗಿ, 50 ಓಮ್. ಅದಕ್ಕೆ 1ಎನ್4148 ಮತ್ತು 10 ನ್ಯಾನೋಫ್ಯಾರಡ್ ಸೇರಿಸಿ ಡಿಸಿ ಅಳೆಯಿರಿ. ಬಂದ ವೋಲ್ಟಿಗೆ 0.6 ಕೂಡಿಸಿ, ವರ್ಗ ಮಾಡಿ, ನೂರರಿಂದ ಭಾಗಿಸಿದರೆ ವ್ಯಾಟ್. 22 ವೋಲ್ಟ್ ಬಂದರೆ 5 ವ್ಯಾಟ್ ದಾಟಿದೆ.

ಎಚ್‌ಟಿ ಫ್ಯೂಸ್ ತೆಗೆದಿಟ್ಟು ಹೀಟರ್ ಮತ್ತು ಬಯಾಸ್ ನೋಡಿ. ಕೀ ಒತ್ತಿ ಗ್ರಿಡ್ ಟ್ರಿಮ್ಮರ್ ತಿರುಗಿಸಿ: 10 ಕಿಲೋಓಮ್ ಸೇರುವ ತಣ್ಣನೆಯ ತುದಿಯಲ್ಲಿ ಮೈನಸ್ 16 ಇದ್ದದ್ದು ಮೈನಸ್ 26ರ ಸಮೀಪ ಹೋಗಬೇಕು. ಅದು 1 ಮಿಲಿಆಂಪಿಯರ್ ಗ್ರಿಡ್ ಕರೆಂಟ್. ಅಲುಗದಿದ್ದರೆ ಸುತ್ತಿನ ಎಣಿಕೆ ತಪ್ಪಿದೆ, ಅಥವಾ ಟ್ರಿಮ್ಮರ್ ಕೊನೆ ಮುಟ್ಟಿದೆ. ಕೊನೆ ಮುಟ್ಟಿದ್ದರೆ ಎರಡು ಸುತ್ತು ಹೆಚ್ಚಿಸಿಯೋ ಬಿಚ್ಚಿಯೋ ನೋಡಿ.

ಈಗ ಫ್ಯೂಸ್ ಹಾಕಿ, ಕೀ ಮುಟ್ಟದೆ, ಕ್ಯಾಥೋಡ್ ಕರೆಂಟ್ ನೋಡುತ್ತಾ ಎರಡೂ ಗ್ಯಾಂಗುಗಳನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಮೀಟರ್ ಸೊನ್ನೆಯಲ್ಲೇ ಇರಬೇಕು. ಎಲ್ಲಾದರೂ ಜಿಗಿದರೆ ವಾಲ್ವ್ ತಾನೇ ಆಸಿಲೇಟ್ ಆಗುತ್ತಿದೆ: ಆನೋಡ್ ತಂತಿ ಗ್ರಿಡ್ ಕಡೆ ಇಣುಕಿದೆಯೇ, ಸ್ಕ್ರೀನ್ ಕೆಪಾಸಿಟರಿನ ಕಾಲು ಉದ್ದವಿದೆಯೇ ನೋಡಿ.

ಆಂಟೆನಾ ಬದಿಯ ಗ್ಯಾಂಗನ್ನು ಪೂರ್ತಿ ಮುಚ್ಚಿ. ಕೀ ಒತ್ತಿ, ಆನೋಡ್ ಗ್ಯಾಂಗನ್ನು ಬೇಗ ತಿರುಗಿಸಿ ಕರೆಂಟ್ ಕುಸಿಯುವ ಜಾಗ ಹಿಡಿಯಿರಿ. ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಒತ್ತಬೇಡಿ. ತಪ್ಪು ಜಾಗದಲ್ಲಿ ಹತ್ತಾರು ವ್ಯಾಟ್ ಪೂರ್ತಿ ಆನೋಡಿನ ಮೇಲೆ ಬೀಳುತ್ತದೆ, ಅದು ತಡೆಯುವುದು 12. ಕುಸಿತ ಸಿಕ್ಕ ಮೇಲೆ ಆಂಟೆನಾ ಗ್ಯಾಂಗನ್ನು ತುಸು ತೆರೆದು, ಆನೋಡ್ ಗ್ಯಾಂಗಿನಿಂದ ಮತ್ತೆ ಕುಸಿತ ಹಿಡಿದು, ಮತ್ತೆ ತುಸು ತೆರೆದು, ಹೀಗೆ ಕುಸಿತದಲ್ಲಿನ ಕರೆಂಟ್ 40 ಮಿಲಿಆಂಪಿಯರ್ ಆಗುವವರೆಗೆ. ಅಲ್ಲಿ 5 ವ್ಯಾಟ್ ಸಿಗಬೇಕು. ಕರೆಂಟ್ ಸರಿಯಿದ್ದು ವ್ಯಾಟ್ 2ಕ್ಕೆ ನಿಂತರೆ ವಾಲ್ವಿನ ಮೇಲೆ ಅನುಮಾನ ಪಡುವ ಮೊದಲು ಗ್ರಿಡ್ ಕರೆಂಟ್ ಮತ್ತೆ ನೋಡಿ. 14 ಮೆಗಾಹರ್ಟ್ಸ್‌ನಲ್ಲೂ ಒಂದು ಸಣ್ಣ ಕುಸಿತ ಇರುತ್ತದೆ, ಗ್ಯಾಂಗ್ ಬಹುತೇಕ ಪೂರ್ತಿ ತೆರೆದಾಗ. ಅದು ನಮ್ಮದಲ್ಲ.

ತೆಂಗಿನ ಮರ, ದ್ರಾಕ್ಷಿ ಚಪ್ಪರ, ಕಲ್ಲು ನೆಲ

ಅರ್ಧ ಅಲೆಯ ಡೈಪೋಲ್ ಒಟ್ಟು 20.3 ಮೀಟರ್. ಪ್ರತಿ ತೋಳನ್ನು 10.5 ಮೀಟರಿಗೆ ಕತ್ತರಿಸಿ ಏರಿಸಿ, ಆಮೇಲೆ ಎರಡೂ ಕಡೆ ಸಮನಾಗಿ ಕತ್ತರಿಸುತ್ತಾ ಬನ್ನಿ. ಪ್ಲಾಸ್ಟಿಕ್ ಹೊದಿಕೆಯ ವೈರಿಂಗ್ ತಂತಿಯಾದರೆ 10 ಮೀಟರಿಗಿಂತ ತುಸು ಕಡಿಮೆಯಲ್ಲೇ ನಿಲ್ಲಬಹುದು. ತಿಪಟೂರು, ಗುಬ್ಬಿ ಕಡೆಯ ತೋಟಗಳಲ್ಲಿ ಎರಡು ತೆಂಗಿನ ಮರ ಇದ್ದೇ ಇರುತ್ತವೆ. ಗಾಳಿಗೆ ಎರಡೂ ಮರ ಬೇರೆಬೇರೆ ದಿಕ್ಕಿಗೆ ತೂಗುವುದರಿಂದ ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಎರಡು ಇಟ್ಟಿಗೆ ತೂಗುಬಿಡಿ. ಗಟ್ಟಿ ಕಟ್ಟಿದರೆ ಮೊದಲ ಗಾಳಿಗೇ ಹರಿಯುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಚಪ್ಪರದ ಜಿಐ ತಂತಿಯ ಬಲೆ ಎಕರೆಗಟ್ಟಲೆ ಹರಡಿರುತ್ತದೆ. ಅದರ ಮೇಲೆ ನಾಲ್ಕೈದು ಅಡಿ ಎತ್ತರಕ್ಕೆ ಡೈಪೋಲ್ ಎಳೆದರೆ ಅಳತೆಯೂ ಕೂರುವುದಿಲ್ಲ, ಸಿಗ್ನಲ್ಲೂ ಹೊರಡುವುದಿಲ್ಲ. ಚಪ್ಪರದಿಂದ ಹತ್ತು ಮೀಟರಾದರೂ ಸರಿಯಿರಿ. ಕರೆಂಟ್ ಲೈನ್ ಇರುವ ಕಡೆಗಂತೂ, ತಂತಿ ಕಡಿದು ಬಿದ್ದರೂ ತಾಗದಷ್ಟು ದೂರ ಬೇಕು.

ಕೇಬಲ್ ಟಿವಿಯವರ ಬಳಿ ಉಳಿಯುವ 75 ಓಮ್ ಆರ್‌ಜಿ6 ಕೋಕ್ಸ್ ಈ ಆಂಟೆನಾಕ್ಕೆ ಚೆನ್ನಾಗಿ ಒಗ್ಗುತ್ತದೆ, ಪೈ ನೆಟ್‌ವರ್ಕ್ ಹೊಂದಿಸಿಕೊಳ್ಳುತ್ತದೆ. ಅದರ ಹೆಣಿಗೆ ಅಲ್ಯೂಮಿನಿಯಂ, ಬೆಸುಗೆ ಹಿಡಿಯದು. ಎಫ್ ಕನೆಕ್ಟರ್ ಹಾಕಿ. ಆಂಟೆನಾ ನಡುವಿನಿಂದ ಇಳಿಯುವ ಜಾಗದಲ್ಲೇ ಕೋಕ್ಸನ್ನು 15 ಸೆಂಟಿಮೀಟರ್ ಅಗಲದ 8 ಸುತ್ತು ಮಾಡಿ ಕಟ್ಟಿದರೆ ಆರ್‌ಎಫ್ ಕೇಬಲ್ಲಿನ ಹೊರಮೈ ಹಿಡಿದು ಮನೆಯೊಳಗೆ ಬರುವುದು ತಗ್ಗುತ್ತದೆ.

ಅರ್ತಿಂಗ್ ವಿಷಯದಲ್ಲಿ ಕೋಲಾರ, ಪಾವಗಡದ ಕಲ್ಲು ನೆಲ ಸುಲಭಕ್ಕೆ ಬಗ್ಗುವುದಿಲ್ಲ. ಸರಳು ಹೊಡೆಯಲಾಗದಿದ್ದರೆ ಗುಂಡಿ ತೋಡಿ, ಜಿಐ ಪೈಪ್ ನಿಲ್ಲಿಸಿ, ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿ. ಬಚ್ಚಲ ನೀರು ಹರಿಯುವ ಕಡೆ ತೋಡಿದರೆ ಆ ಕೆಲಸವೂ ತಪ್ಪುತ್ತದೆ. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಗುಡುಗು ಕೇಳುವ ಮೊದಲೇ ಕೋಕ್ಸನ್ನು ಯಂತ್ರದಿಂದ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. 5 ವ್ಯಾಟಿನ ಯಂತ್ರಕ್ಕೆ ಸಿಡಿಲು ತಡೆಯುವ ಬೇರೆ ಉಪಾಯವಿಲ್ಲ.

ಮಳೆಯಲ್ಲಿ ಗರಿಗಳೆಲ್ಲ ನೆನೆದಾಗ ಕುಸಿತದ ಜಾಗ ಸ್ವಲ್ಪ ಸರಿಯುತ್ತದೆ. ಎರಡೂ ಗ್ಯಾಂಗಿನ ನಾಬ್‌ಗಳ ಹಿಂದೆ ಕಾಗದದ ಡಯಲ್ ಅಂಟಿಸಿ, ಒಣ ದಿನದ ಗುರುತು ಕಪ್ಪು ಶಾಯಿಯಲ್ಲಿ, ಮಳೆ ದಿನದ್ದು ಕೆಂಪು ಶಾಯಿಯಲ್ಲಿ ಹಾಕಿಟ್ಟರೆ ಪ್ರತಿ ಸಲ ಕೀ ಒತ್ತಿಕೊಂಡು ಹುಡುಕಬೇಕಾಗಿಲ್ಲ.